ಎರಡು ಗಂಟೆಗೆ ಬೆಳಗಾದ ಬೀದಿ

ಚಾಮರಾಜಪುರಂ: ಹೊರಡುವ ಮೊದಲು

ನಾನು ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಹೆಮ್ಮೆಯ ಮಾತಲ್ಲ, ಅಭ್ಯಾಸದ ಮಾತು. ಹತ್ತು ವರ್ಷದವನಿದ್ದಾಗ ಮಠದ ಉಚಿತ ಹಾಸ್ಟೆಲಿಗೆ ಸೇರಿದೆ. ಎರಡನೆಯ ವರ್ಷವೇ ಬೆಳಗಿನ ಗಂಟೆ ಬಾರಿಸುವ ಕೆಲಸ ನನ್ನ ಪಾಲಿಗೆ ಬಂತು. ನೂರಿಪ್ಪತ್ತು ಹುಡುಗರು ನನ್ನ ಗಂಟೆಗೆ ಎದ್ದು, ನನ್ನನ್ನು ಬೈದುಕೊಂಡು, ತಣ್ಣೀರು ಸುರಿದುಕೊಂಡು, ವಿಭೂತಿ ಧರಿಸಿ ಪೂಜೆಗೆ ಕೂರುತ್ತಿದ್ದರು. ಆಮೇಲೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಈಗ ಅರವತ್ತೇಳು. ಗಂಟೆಯೂ ಇಲ್ಲ, ಸೀಟಿಯೂ ಇಲ್ಲ. ಆದರೂ ನಾಲ್ಕೂವರೆಗೆ ಕಣ್ಣು ತಾನಾಗಿ ತೆರೆಯುತ್ತದೆ. ಸ್ನಾನ, ಪೂಜೆ, ಒಂದು ಲೋಟ ಬಿಸಿನೀರು, ಬೂಟು, ಓಟ.

ಓಟವೆಂದರೆ ಉದ್ದದ ಓಟ. ಅದರಿಂದಲೇ ಕಷ್ಟಕ್ಕೆ ಬಂದದ್ದು. ಹೋದ ವರ್ಷ ಇಲವಾಲದವರೆಗೆ ಓಡಿ ಹಿಂತಿರುಗುವಾಗ ಎರಡೂ ಮೀನಖಂಡ ಒಟ್ಟಿಗೆ ಹಿಡಿದುಕೊಂಡವು. ರಸ್ತೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದವನನ್ನು ಮಾರ್ಕೆಟ್ಟಿಗೆ ಹೊರಟಿದ್ದ ಲಗೇಜ್ ಆಟೋದವನೊಬ್ಬ ಕೋಸಿನ ಮೂಟೆಗಳ ಮೇಲೆ ಕೂರಿಸಿಕೊಂಡು ಮನೆ ಬಾಗಿಲಿಗೆ ತಂದ. ತಂದವನು ಸುಮ್ಮನೆ ಬಿಟ್ಟು ಹೋಗಬಾರದೇ? ಬೀದಿಗೆಲ್ಲ ಕೇಳುವ ಹಾಗೆ, "ಅಮ್ಮೋ, ನಿಮ್ಮ ಮೇಷ್ಟ್ರು ಬಂದವ್ರೆ, ಇಳಿಸ್ಕಳಿ!" ಎಂದು ಕೂಗಿದ.

ನನ್ನ ಹೆಂಡತಿ ಗಿರಿಜಾ ಹೊರಗೆ ಬಂದು, ನನ್ನನ್ನು ಒಮ್ಮೆ, ಮೂಟೆಗಳನ್ನು ಒಮ್ಮೆ ನೋಡಿ, "ಕೋಸು ಹೆಂಗಪ್ಪಾ ಕೊಟ್ಟೆ? ಮೇಲ್ಗಡೆ ಕೂತಿರೋದು ಬಾಡೋಗದೆ, ಅದು ಬೇಡ" ಎಂದಳು.

ಅಂದಿನಿಂದ ನನ್ನ ಬೂಟಿನ ಮೇಲೆ ಅವಳ ಕಣ್ಣು.

ಇನ್ನು ಐನೋ ಅವರ ವಿಷಯ. ಐನೋ ಫಿನ್‌ಲೆಂಡಿನ ಹೆಣ್ಣುಮಗಳು, ನನಗಿಂತ ಎರಡು ವರ್ಷ ದೊಡ್ಡವರು, ಶಾಲೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಪ್ರತಿ ವರ್ಷ ಜನವರಿಯಲ್ಲಿ ಯೋಗ ಕಲಿಯಲು ಮೈಸೂರಿಗೆ ಬಂದು ನಮ್ಮ ಮನೆಯಿಂದ ಎರಡು ಮನೆ ಆಚೆ ಕೋಣೆ ಹಿಡಿಯುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನನ್ನ ಜೊತೆ ಓಡಿ ಹತ್ತುತ್ತಾರೆ. ಅವರ ಕನ್ನಡವೆಲ್ಲ ಆ ಬೆಟ್ಟದ ಮೇಲೆ ಹೂವು, ಸೌತೆಕಾಯಿ ಮಾರುವವರಿಂದ ಕಲಿತದ್ದು. ಮನೆಗೆ ಯಾರು ಹೋದರೂ "ಬನ್ನಿ ಬನ್ನಿ, ನೋಡಿ, ತಗೊಳ್ಳಿ" ಎನ್ನುತ್ತಾರೆ. ಮಿಕ್ಕ ಮಾತೆಲ್ಲ ಇಂಗ್ಲಿಷು. ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಒಂದು ದಿನ ನಮ್ಮ ಹಜಾರದಲ್ಲಿ ಕುಳಿತು ಅವರು ಕಿಟಕಿಯನ್ನೇ ನೋಡುತ್ತಿದ್ದರು. "ಇಷ್ಟೊಂದು ಬಿಸಿಲನ್ನು ಪರದೆ ಎಳೆದು ಹೊರಗೆ ನಿಲ್ಲಿಸುತ್ತೀರಲ್ಲ! ನಮ್ಮಲ್ಲಿ ಇದಕ್ಕೆ ದೀಪ ಕೊಳ್ಳುತ್ತೇವೆ." ಚಳಿಗಾಲದಲ್ಲಿ ಅವರ ಊರಿನಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದಿಲ್ಲವಂತೆ. ಅಲ್ಲಿಯ ಓಟಗಾರರು ಪ್ರತಿ ಬೆಳಗ್ಗೆ ಪ್ರಖರವಾದ ದೀಪದ ಮುಂದೆ ಕುಳಿತು, ಆಮೇಲೆ ಓಡಲು ಹೊರಡುತ್ತಾರಂತೆ.

"ಸೂರ್ಯ ಹುಟ್ಟೋ ಮೊದಲೇ ನನ್ನ ಅರ್ಧ ದಿನ ಮುಗಿದಿರುತ್ತೆ. ನನಗೆ ಸೂರ್ಯನೂ ಬೇಡ, ದೀಪವೂ ಬೇಡ" ಎಂದೆ. ಬಾಯಿಂದ ಬಂದುಬಿಟ್ಟಿತು.

"ಹಾಗಾದರೆ ಡಿಸೆಂಬರಿನಲ್ಲಿ ಬನ್ನಿ. ನಮ್ಮ ಕ್ಲಬ್ಬಿನ ಕತ್ತಲೆ ಓಟವಿದೆ, ಇಪ್ಪತ್ತೊಂದು ಕಿಲೋಮೀಟರ್. ನೋಡೋಣ" ಎಂದರು ಐನೋ.

ಗಿರಿಜಾ ಒಳಗಿನಿಂದ ಕಾಫಿ ತಂದಿಟ್ಟು ಷರತ್ತು ಹಾಕಿದಳು. "ಹೋಗೋಣ, ನಾನೂ ಬರ್ತೀನಿ. ಓಡ್ರಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಕಾಲ ಮೇಲೆ ನೀವೇ ಬಂದು ಗೆರೆ ದಾಟ್ಬೇಕು. ಇನ್ನೊಂದ್ಸಲ ಯಾರಾದ್ರೂ ನಿಮ್ಮನ್ನ ಯಾತರ ಮೇಲಾದ್ರೂ ಕೂರಿಸ್ಕೊಂಡು ತಂದ್ರೋ, ಬೂಟು ಅಟ್ಟಕ್ಕೆ. ಆಮೇಲೆ ಕುಕ್ಕರಹಳ್ಳಿ ಕೆರೆ ಸುತ್ತ ನಮ್ಮ ಜೊತೆ ವಾಕಿಂಗು, ಅಷ್ಟೇ."

ಅವಳ ವಾಕಿಂಗ್ ಗುಂಪನ್ನು ನಾನು ನೋಡಿದ್ದೇನೆ. ಒಂದು ಸುತ್ತಿಗೆ ನಾಲ್ಕು ಬೆಂಚು, ಬೆಂಚಿಗೊಂದು ಡಬ್ಬಿ ಚಕ್ಕುಲಿ.

ಇಳಿದ ದಿನ

ಊರಿನ ಹೆಸರು ಹೇಳಲು ನನಗೆ ಇಂದಿಗೂ ಬರುವುದಿಲ್ಲ; ಬರೆದರೆ ಓದಲು ನಿಮಗೂ ಬರುವುದಿಲ್ಲ. ಫಿನ್‌ಲೆಂಡಿನ ಉತ್ತರದ ತುದಿಯಲ್ಲಿ ಒಂದು ಕೆರೆ, ಒಂದು ಶಾಲೆ, ಕೆಲವು ಬೀದಿ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಎರಡೂವರೆಗೆ ಬಸ್ಸಿನಿಂದ ಇಳಿದೆವು. ಕಗ್ಗತ್ತಲೆ. ಗಿರಿಜಾ ರೇಷ್ಮೆ ಸೀರೆಯ ಒಳಗೆ ಎರಡು ಪದರ ಉಣ್ಣೆ, ಮೇಲೆ ಓವರ್‌ಕೋಟು, ತಲೆಗೆ ನನ್ನ ಮಂಗನಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತವಳು, "ಯಾಕ್ರೀ ಇವ್ರ ಊರಲ್ಲಿ ಕರೆಂಟು ಹೋಗಿದ್ಯಾ?" ಎಂದಳು.

"ಬನ್ನಿ ಬನ್ನಿ, ನೋಡಿ, ತಗೊಳ್ಳಿ!" ಐನೋ ಎರಡು ಕೈಯಲ್ಲೂ ದಪ್ಪ ಕೈಚೀಲಗಳನ್ನು ಹಿಡಿದು ಓಡಿಬಂದರು. ನಮ್ಮ ಕೈಗೆ ತೊಡಿಸುವ ಚೀಲಗಳು ಅವು.

ಅಲ್ಲಿಯ ಜನರ ಬಗ್ಗೆ ಮೊದಲ ದಿನವೇ ಎರಡು ಸಂಗತಿ ಗಮನಿಸಿದೆ. ಒಂದು, ನಮ್ಮ ಹಾಗೆಯೇ ಬಾಗಿಲಲ್ಲೇ ಪಾದರಕ್ಷೆ ಬಿಡುತ್ತಾರೆ. ಅಷ್ಟಕ್ಕೇ ಗಿರಿಜಾ ಇಡೀ ದೇಶಕ್ಕೆ ಪಾಸ್ ಮಾರ್ಕು ಕೊಟ್ಟುಬಿಟ್ಟಳು. ಇನ್ನೊಂದು, ಬಸ್ ನಿಲ್ದಾಣದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಮಾರು ಜಾಗ ಬಿಟ್ಟು ನಿಲ್ಲುತ್ತಾರೆ. ಡ್ರಿಲ್‌ನಲ್ಲಿ ಕೈಚಾಚಿ ಅಂತರ ತೆಗೆದುಕೊಳ್ಳಿ ಎಂದು ನಾನು ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡರೂ ಆಗದ ಸಾಲು ಅದು. ನಮ್ಮ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇವರನ್ನು ಐದು ನಿಮಿಷ ನಿಲ್ಲಿಸಿದರೆ ಏನಾಗಬಹುದು ಎಂದು ಯೋಚಿಸಿ ನಗು ಬಂತು.

ಎರಡನೆಯ ದಿನ: ಬಿಳಿ ದೀಪ

ಬೆಳಗ್ಗೆ ಏಳು ಗಂಟೆಯೆಂದು ಐನೋ ಹೇಳಿದರು. ಹೊರಗೆ ನೋಡಿದರೆ ಅಮಾವಾಸ್ಯೆ. ಅಡುಗೆಮನೆಯಲ್ಲಿ ಪರದೆಯಿಲ್ಲದ ಕಿಟಕಿಯ ಪಕ್ಕದ ಮೇಜಿನ ಮೇಲೆ ಗೋಡೆ ಕ್ಯಾಲೆಂಡರಿನಷ್ಟು ದೊಡ್ಡ ಬಿಳಿ ಹಲಗೆ. ಸ್ವಿಚ್ ಒತ್ತಿದರು. "ಅಯ್ಯೋ ಶಿವನೇ!" ಗಿರಿಜಾ ಸೆರಗು ಅಡ್ಡ ಹಿಡಿದಳು. ಹಪ್ಪಳ ಒಣಗಿಸಬಹುದು ಎನ್ನುವಂಥ ಬೆಳಕು, ಆದರೆ ಕಾವಿಲ್ಲ.

ಐನೋ ವಿವರಿಸಿದರು. ಬೆಳಕು ಕಣ್ಣಿನ ಮೂಲಕ ಒಳಗೆ ಹೋಗಿ ಮೆದುಳಿಗೆ "ಬೆಳಗಾಯಿತು" ಎಂದು ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಸರಿಯಾದ ಹೊತ್ತಿಗೆ ಮುಟ್ಟಿದರೆ ರಾತ್ರಿ ನಿದ್ರೆಯೂ ಸರಿಯಾದ ಹೊತ್ತಿಗೆ ಬರುತ್ತದೆ. ನಿದ್ರೆ ಬಂದರೆ ದಣಿದ ಕಾಲು ಸುಧಾರಿಸಿಕೊಳ್ಳುತ್ತದೆ. ಕಾಲು ಸುಧಾರಿಸಿದರೆ ನಾಳೆಯೂ ಓಡಬಹುದು. "ದೀಪ ಯಾರನ್ನೂ ಓಡಿಸುವುದಿಲ್ಲ ಮೇಷ್ಟ್ರೇ, ಮಲಗಿಸುತ್ತದೆ" ಎಂದರು. ಕಣ್ಣಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಕೂರಬಾರದೆಂದು ಮೊದಲೇ ಬರೆದಿದ್ದರು. ನಾನು ಮೈಸೂರಿನಲ್ಲಿ ತೋರಿಸಿಕೊಂಡೇ ಬಂದಿದ್ದೆ.

ನಿಯಮ ಸರಳ. ಅರ್ಧ ಗಂಟೆ. ದೀಪ ಒಂದು ಪಕ್ಕಕ್ಕೆ ಇರಲಿ, ನೇರ ನೋಡಬೇಡಿ. ಕಾಫಿ ಕುಡಿಯಿರಿ, ಪೇಪರು ಓದಿ. ಇಷ್ಟು ಹೇಳಿ ಅವರು ಬಾಗಿಲ ಮುಂದಿನ ಹಿಮ ಗೋರಲು ಹೋದರು.

ಕಾಫಿ ಕುಡಿಯುತ್ತ, ಪೇಪರು ಓದುತ್ತ ಮಾಡುವುದೂ ಒಂದು ಚಿಕಿತ್ಸೆಯೇ? ನನಗೆ ಸರಿಬರಲಿಲ್ಲ. ದೃಷ್ಟಿಯಿಟ್ಟು ಕೂರುವುದು ನನಗೆ ಹೊಸದಲ್ಲ. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ರೆಪ್ಪೆ ಅಲುಗಿಸದೆ ನೋಡುವುದನ್ನು ಹಾಸ್ಟೆಲಿನ ದಿನಗಳಿಂದ ಮಾಡಿಕೊಂಡು ಬಂದಿದ್ದೇನೆ. ಬೆನ್ನು ನೆಟ್ಟಗೆ ಮಾಡಿ, ದೀಪವನ್ನು ಎದುರಿಗೆ ತಿರುಗಿಸಿಕೊಂಡು, ನೇರವಾಗಿ ನೋಡಿದೆ. ಗಿರಿಜಾ ಪಕ್ಕದಲ್ಲಿ ಕಾಫಿ ಹೀರುತ್ತ, ಅರ್ಥವಾಗದ ಪೇಪರಿನಲ್ಲಿ ಚಿತ್ರ ನೋಡುತ್ತಿದ್ದಳು. "ಹಂಗೆ ನೋಡ್ಬೇಡಿ ಅಂದ್ರಲ್ರೀ" ಎಂದಳು. ಶಿಸ್ತಿನ ವಿಷಯದಲ್ಲಿ ನಾನು ಹೆಂಡತಿಯ ಮಾತು ಕೇಳುವವನಲ್ಲ.

ಎದ್ದಾಗ ಲೋಕವೆಲ್ಲ ಹಸಿರು. ಮಧ್ಯದಲ್ಲಿ ಬದನೆಕಾಯಿ ಬಣ್ಣದ ಒಂದು ಚೌಕ, ಎಲ್ಲಿ ತಿರುಗಿದರೂ ಮುಂದೆ ಮುಂದೆ ಬರುತ್ತಿತ್ತು. ಬಾಗಿಲ ಬಳಿ ಐನೋ ನಿಂತಿದ್ದಾರೆಂದು ತಿಳಿದು ಕೈಮುಗಿದು, "ಬಹಳ ಚೆನ್ನಾಗಿದೆ, ಧನ್ಯವಾದ" ಎಂದೆ. ಅದು ಕೋಟು ನೇತುಹಾಕುವ ಕಂಬ. ಐನೋ ನನ್ನ ಬೆನ್ನ ಹಿಂದಿನಿಂದ "ಸಾಕು! ಸಾಕು!" ಎನ್ನುತ್ತ ಬಂದು ದೀಪ ಆರಿಸಿದರು. ಗಿರಿಜಾ ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು. ಚೌಕ ಮಾಸುವ ತನಕ ನನ್ನನ್ನು ಹೊರಗೆ ಬಿಡಲಿಲ್ಲ.

ಅದೇ ದಿನ ಸಂಜೆ: ಕೆಂಪು ದೀಪ

ಎಂಟು ಕಿಲೋಮೀಟರ್ ಅಭ್ಯಾಸದ ಓಟ ಮುಗಿಸಿ ಕ್ಲಬ್ಬಿನ ಕೋಣೆಗೆ ಹೋದೆವು. ಅಲ್ಲಿ ಬಾಗಿಲಿನಷ್ಟು ಎತ್ತರದ ಎರಡು ಕೆಂಪು ದೀಪದ ಹಲಗೆ, ಮುಂದೆ ನುಣುಪಾದ ಮರದ ಬೆಂಚು. ಓಡಿ ಬಂದವರು ಚಡ್ಡಿಯಲ್ಲಿ ಮಲಗಿ ಕಾಲಿಗೆ ಹತ್ತು ನಿಮಿಷ ಆ ಬೆಳಕು ತೋರಿಸುತ್ತಾರೆ. "ಇದರಿಂದ ಮಾಂಸಖಂಡ ಬೇಗ ಸುಧಾರಿಸುತ್ತದೆ ಎನ್ನುವವರಿದ್ದಾರೆ. ಹತ್ತು ನಿಮಿಷ ಸುಮ್ಮನೆ ಮಲಗಿದ್ದರಿಂದ ಸುಧಾರಿಸಿತು ಎನ್ನುವವರೂ ಇದ್ದಾರೆ. ನನಗೆ ಗೊತ್ತಿಲ್ಲ, ಆದರೆ ನಾನೂ ಮಲಗುತ್ತೇನೆ" ಎಂದರು ಐನೋ. ಅವರು ಹೀಗೆ ಒಪ್ಪಿಕೊಂಡದ್ದು ನನಗೆ ಹಿಡಿಸಿತು.

ಇದರ ನಿಯಮವನ್ನು ನಾನು ಕೇಳಲೂ ಇಲ್ಲ. ಮೈಗೆ ಬೆಳಕು ತೋರಿಸುವ ಮೊದಲು ಎಣ್ಣೆ ಹಚ್ಚಬೇಕೆಂದು ಯಾರಾದರೂ ಹೇಳಿಕೊಡಬೇಕೇ? ಕೂಸನ್ನು ಎಳೆಬಿಸಿಲಿಗೆ ಮಲಗಿಸುವ ಮೊದಲು ಹಚ್ಚುವುದಿಲ್ಲವೇ? ಮನೆಯಿಂದ ತಂದಿದ್ದ ಎಳ್ಳೆಣ್ಣೆಯ ಬಾಟಲಿ ತೆಗೆದು ತೊಡೆಯಿಂದ ಹಿಮ್ಮಡಿಯವರೆಗೆ ಧಾರಾಳವಾಗಿ ಸವರಿಕೊಂಡು ಬೆಂಚಿನ ಮೇಲೆ ಮಲಗಿದೆ.

ಮಲಗಿದೆ ಎನ್ನುವುದು ತಪ್ಪು. ಮಲಗಲು ಹೋದೆ. ಬೆಂಚು ನನ್ನನ್ನು ಒಪ್ಪಿಕೊಳ್ಳಲಿಲ್ಲ. ಈ ತುದಿಯಲ್ಲಿ ಕುಳಿತವನು ಆ ತುದಿಯಿಂದ ಹೊರಟು, ಪಕ್ಕದ ಬೆಂಚಿನಲ್ಲಿ ಕಣ್ಣುಮುಚ್ಚಿ ಮಲಗಿದ್ದ ಕ್ಲಬ್ಬಿನ ಕಾರ್ಯದರ್ಶಿಯ ಕಾಲಿನ ಬಳಿ ಹೋಗಿ ನಿಂತೆ. ಆಕೆಯ ಹೆಸರು ಲೀನಾ, ಆರಡಿ ಎತ್ತರ, ಐನೋ ಅವರ ಬೀದಿಯವರೇ. ಅವರು ಕಣ್ಣು ತೆರೆದು ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ "ನಮಸ್ಕಾರ" ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನಿದೆಯೋ ಅದನ್ನು ಹೇಳಿದರು. ಆಮೇಲೆ ಸಹಾಯಕ್ಕೆಂದು ಎದ್ದು ಎಣ್ಣೆ ಬಿದ್ದ ನೆಲದ ಮೇಲೆ ಕಾಲಿಟ್ಟರು. ಆರಡಿ ಎತ್ತರದವರು ಜಾರಿದರೆ ಕೆಳಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಪಾಪ, ಲೀನಾರ ಕಾಲು ಉಳುಕಿದ ಹಾಗಾಯಿತು. ಗಿರಿಜಾ ಸೆರಗು ಸಿಕ್ಕಿಸಿಕೊಂಡು, ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು, ಅವರ ಕಾಲನ್ನು ಮಡಿಲಿಗೆಳೆದು ಉಜ್ಜತೊಡಗಿದಳು. "ಸುಮ್ನೆ ಕೂತ್ಕೋ ತಾಯಿ, ಆಗೋಗ್ತದೆ ಕಣಮ್ಮ" ಎಂದು ಅಚ್ಚಕನ್ನಡದಲ್ಲೇ ಸಮಾಧಾನ ಹೇಳಿದಳು. ಲೀನಾ ಐದು ನಿಮಿಷದಲ್ಲಿ ಕುಳಿತಲ್ಲೇ ನಿದ್ದೆ ಹೋದರು. ಮಾರನೆಯ ದಿನ ಕೆಂಪು ದೀಪದ ಮುಂದೆ ಇಬ್ಬರು, ಗಿರಿಜಾಳ ಮುಂದೆ ಏಳು ಜನ.

ಮೂರನೆಯ ದಿನ: ಬೀದಿ ಎದ್ದದ್ದು

ಈಗ ನನ್ನ ಕೈಗಡಿಯಾರದ ವಿಷಯ ಹೇಳಬೇಕು. ಕೀಲಿ ಕೊಡುವ ಗಡಿಯಾರ, ಕೆಲಸಕ್ಕೆ ಸೇರಿದ ತಿಂಗಳು ಕೊಂಡದ್ದು. ಅದನ್ನು ನಾನು ಆ ದೇಶದ ಸಮಯಕ್ಕೆ ತಿರುಗಿಸಿರಲಿಲ್ಲ. ಹತ್ತು ದಿನದ ಪ್ರಯಾಣಕ್ಕಾಗಿ ಪೂಜೆಯ ಹೊತ್ತನ್ನು ಬದಲಿಸುವುದೇ? ಊರಲ್ಲಿ ಗಂಟೆ ಎಷ್ಟೋ ನನಗೂ ಅಷ್ಟೇ.

ಹಾಗಾಗಿ ಗಡಿಯಾರದಲ್ಲಿ ನಾಲ್ಕೂವರೆಗೆ ಸರಿಯಾಗಿ ಎದ್ದೆ. ಸ್ನಾನ, ಪೂಜೆ ಮುಗಿಸಿ ಅಡುಗೆಮನೆಗೆ ಬಂದು ದೀಪ ಹಾಕಿದೆ. ಈ ಸಲ ನಿಯಮದ ಪ್ರಕಾರ ಪಕ್ಕಕ್ಕೇ ಇಟ್ಟುಕೊಂಡೆ, ಪೇಪರನ್ನೂ ಬಿಡಿಸಿದೆ. ಒಂದೇ ತಿದ್ದುಪಡಿ: ಅರ್ಧ ಗಂಟೆ ಒಳ್ಳೆಯದಾದರೆ ಒಂದು ಗಂಟೆ ಇನ್ನೂ ಒಳ್ಳೆಯದು. ಅದು ಮುಗಿದ ಮೇಲೆ ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಮೊಳೆ ಬೂಟು ಹಾಕಿಕೊಂಡು ಬೀದಿಗೆ ಇಳಿದೆ.

ಎದುರು ಮನೆಯ ಮುದುಕರು ಆಗಲೇ ಹಿಮ ಗೋರುತ್ತಿದ್ದರು. ಪಕ್ಕದ ಮನೆಯಲ್ಲಿ ದೀಪ. ಅದರ ಪಕ್ಕದಲ್ಲೂ ದೀಪ. ಒಬ್ಬ ಹೆಂಗಸು ನಾಯಿಯನ್ನು ಹೊರಗೆ ಕರೆತಂದಿದ್ದಳು. ನಾಯಿಗೆ ಮಾತ್ರ ಮನಸ್ಸಿರಲಿಲ್ಲ. ನನಗೆ ರೋಮಾಂಚನವಾಯಿತು. ಎಂಥ ಶಿಸ್ತಿನ ಜನ! ಬ್ರಾಹ್ಮೀ ಮುಹೂರ್ತದಲ್ಲಿ ಇಡೀ ಬೀದಿ ಎದ್ದಿದೆ! ಎಲ್ಲರಿಗೂ ಕೈಯೆತ್ತಿ ಸಲಾಮು ಹೊಡೆಯುತ್ತ ಎರಡು ಸುತ್ತು ಓಡಿದೆ. ಅವರೂ ಕೈಯೆತ್ತಿದರು, ಸ್ವಲ್ಪ ತೂಕಡಿಸುತ್ತ.

ಹಿಂತಿರುಗಿದರೆ ಐನೋ ರಾತ್ರಿಯ ಉಡುಪಿನಲ್ಲಿ ನಿಂತಿದ್ದರು. "ಮೇಷ್ಟ್ರೇ, ಈಗ ಗಂಟೆ ಎಷ್ಟು ಗೊತ್ತೇ?"

"ಆರೂವರೆ" ಎಂದೆ, ಗಡಿಯಾರ ತೋರಿಸಿ.

ಅವರು ಗೋಡೆಯ ಕಡೆ ಬೆರಳು ಮಾಡಿದರು. ಮೂರು.

ಸಂಗತಿ ಹೀಗೆ. ಆ ಕತ್ತಲೆಯ ವಾರಗಳಲ್ಲಿ ಆಕಾಶ ಹೊತ್ತು ಹೇಳುವುದಿಲ್ಲ. ಎದುರು ಮನೆಯ ವೈಕ್ಕೋ ಗಡಿಯಾರ ನೋಡುವವರೂ ಅಲ್ಲ. ಐನೋ ಪ್ರತಿದಿನ ಏಳಕ್ಕೆ, ಒಂದು ನಿಮಿಷ ಆಚೀಚೆಯಾಗದೆ ದೀಪ ಹಾಕುತ್ತಾರೆ. ಕಿಟಕಿ ಬೆಳಗಿದರೆ ವೈಕ್ಕೋಗೆ ಬೆಳಗಾದ ಹಾಗೆ. ಅವರು ಎದ್ದು ಹಿಮ ಗೋರುತ್ತಾರೆ. ಗೋರುವ ಸದ್ದಿಗೆ ಪಕ್ಕದ ಮನೆ ಏಳುತ್ತದೆ, ಆ ಮನೆಯ ದೀಪಕ್ಕೆ ಅದರ ಪಕ್ಕದ ಮನೆ. ವರ್ಷಗಳಿಂದ ನಡೆದುಬಂದ ಏರ್ಪಾಡು. ನನ್ನ ನಾಲ್ಕೂವರೆ ಅವರ ಒಂದು ಗಂಟೆ. ಎರಡಕ್ಕೆಲ್ಲ ಬೀದಿಗೆ ಬೆಳಗು ಮಾಡಿಬಿಟ್ಟಿದ್ದೆ.

ಹಾಸ್ಟೆಲಿನಲ್ಲಿ ನೂರಿಪ್ಪತ್ತು ಹುಡುಗರನ್ನು ಎಬ್ಬಿಸಿದವನು ನಾನು. ಸಮುದ್ರ ದಾಟಿ ಹೋಗಿ ಗಂಟೆಯನ್ನೂ ಮುಟ್ಟದೆ ಹನ್ನೊಂದು ಮನೆ ಎಬ್ಬಿಸಿದ್ದೆ.

ನಿಜವಾದ ಬೆಳಗ್ಗೆ ವೈಕ್ಕೋ ಬಂದರು. ಬೂಟು ಬಿಟ್ಟು ಒಳಗೆ ಬಂದು, ಕುಳಿತು, ಒಂದು ಲೋಟ ಕಾಫಿ ಪೂರ್ತಿ ಮುಗಿಯುವ ತನಕ ಒಂದು ಮಾತಿಲ್ಲ. ನಾನು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಕಾದೆ. ಕೊನೆಗೆ ಅವರು ಏನೋ ಹೇಳಿದರು. ಐನೋ ಅನುವಾದಿಸಿದರು: "ನಾನು ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಈ ಊರಿನಲ್ಲಿ ಇಷ್ಟು ಬೇಗ ಯಾರೂ ಬಸ್ಸಿಗೆ ಬಂದದ್ದಿಲ್ಲ." ಆಮೇಲೆ ಅವರ ಭುಜ ಕುಣಿಯತೊಡಗಿತು. ಸದ್ದಿಲ್ಲ, ಮುಖದಲ್ಲಿ ಬದಲಾವಣೆಯಿಲ್ಲ, ಭುಜ ಮಾತ್ರ. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತಾಯಿತು.

ಅವರು ಹೋದ ಮೇಲೆ ಗಿರಿಜಾ ಕೈಚಾಚಿದಳು. "ಕೊಡಿ ಇಲ್ಲಿ ಗಡಿಯಾರ."

"ಪೂಜೆ ಹೊತ್ತು ಕಣೇ..."

"ಶಿವನಿಗೆ ಎಲ್ಲಾ ಊರಿನ ಗಂಟೆನೂ ಗೊತ್ತು ಕಣ್ರೀ. ನಿಮ್ಮ ಗಡಿಯಾರ ನೋಡ್ಕೊಂಡು ಅವನೇನು ಏಳಲ್ಲ."

ಮುಳ್ಳು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿತು. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ.

ನಾಲ್ಕರಿಂದ ಏಳನೆಯ ದಿನ

ತಪ್ಪು ಹೊತ್ತಿನ ಬೆಳಕು ಮೈಯನ್ನು ತಪ್ಪು ದಿಕ್ಕಿಗೆ ತಳ್ಳುತ್ತದೆ ಎಂದು ಐನೋ ಎಚ್ಚರಿಸಿದ್ದರು. ನಾಲ್ಕನೆಯ ದಿನ ಅದನ್ನು ಸಾಬೀತು ಮಾಡಿ ತೋರಿಸಿದೆ. ಮಧ್ಯಾಹ್ನದ ಊಟದಲ್ಲಿ ಮೀಸೆ ಸೂಪಿಗೆ ತಾಗಿದಾಗ ಎಚ್ಚರವಾಯಿತು. ಸಂಜೆ ಓಟದಲ್ಲಿ ಮೂರನೆಯ ಕಿಲೋಮೀಟರಿಗೇ ಕಾಲು ಕಲ್ಲು. ಗಿರಿಜಾ ಮಾತ್ರ, ಹೇಳಿದಷ್ಟೇ ಹೊತ್ತು, ಹೇಳಿದ ಹಾಗೆಯೇ ಕಾಫಿ ಕುಡಿಯುತ್ತ ಕುಳಿತವಳು, ಒಂಬತ್ತೂವರೆಗೆ ಮಲಗಿ ಬೆಳಗ್ಗೆ ಹಾಡಿಕೊಂಡು ಏಳುತ್ತಿದ್ದಳು. ಹಗಲೆಲ್ಲ ಎಣ್ಣೆ ಬಾಟಲಿ, ಚಟ್ನಿಪುಡಿ ಡಬ್ಬಿ ಹಿಡಿದು ಬೀದಿಯ ಮನೆಮನೆ ತಿರುಗುವುದು. ಯಾವ ಭಾಷೆಯಲ್ಲಿ ಮಾತಾಡುತ್ತೀಯೆ ಎಂದರೆ, "ಕನ್ನಡದಲ್ಲೇ. ಅವ್ರೂ ಅವ್ರದ್ರಲ್ಲೇ ಮಾತಾಡ್ತಾರೆ, ಎಲ್ಲಾ ಅರ್ಥ ಆಗ್ತದೆ" ಎಂದಳು.

ಐದನೆಯ ದಿನದಿಂದ ನಾನೂ ಶರಣಾದೆ. ಏಳಕ್ಕೆ ದೀಪ, ಅರ್ಧ ಗಂಟೆ, ಪಕ್ಕಕ್ಕೆ. ಕಾಫಿ. ಪೇಪರು. ಕಾಫಿ ಕುಡಿಯುತ್ತ ಮಾಡುವ ಶಿಸ್ತು ನಾನು ಕಲಿತದ್ದರಲ್ಲೆಲ್ಲ ಕಷ್ಟದ್ದು. ಆರನೆಯ ದಿನ ರಾತ್ರಿ ಹತ್ತಕ್ಕೆ ಕಣ್ಣು ತಾನಾಗಿ ಮುಚ್ಚಿತು. ಏಳನೆಯ ದಿನ ಮೆಟ್ಟಿಲಿಳಿಯುವಾಗ ಮೀನಖಂಡಗಳು ಇವೆಯೆಂದೇ ಗೊತ್ತಾಗಲಿಲ್ಲ. ದೀಪವೋ, ಎಣ್ಣೆಯೋ, ನಿದ್ರೆಯೋ, ಹೆಂಡತಿ ಗಡಿಯಾರ ಕಿತ್ತುಕೊಂಡದ್ದೋ ಹೇಳಲಾರೆ.

ಎಂಟನೆಯ ದಿನ: ಓಟ

ಹಗಲು ಹನ್ನೊಂದಕ್ಕೆ ಓಟ ಶುರು. ಆ ಹೊತ್ತಿಗೆ ಕೆರೆಯ ಆಚೆ ದಡದಲ್ಲಿ, ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೆ ತೆಳುವಾದ ಬೆಳಕು. ಒಟ್ಟು ನಲವತ್ತು ಜನ. ಕೆರೆಯ ಸುತ್ತ ಹತ್ತು ಕಿಲೋಮೀಟರಿನ ಎರಡು ಸುತ್ತು, ಕೊನೆಯ ಒಂದು ಕಿಲೋಮೀಟರ್ ನಮ್ಮ ಬೀದಿಯ ಮೂಲಕ ಶಾಲೆಯ ಮೈದಾನಕ್ಕೆ. ಎಲ್ಲರಿಗಿಂತ ಹಿಂದಿನ ಓಟಗಾರನ ಬೆನ್ನಿಗೆ ವೈಕ್ಕೋ ಬರುತ್ತಾರೆಂದು ಐನೋ ಹೇಳಿದರು. ಅವರದ್ದು ಹಿಮದ ಮೇಲೆ ಕಾಲಿನಿಂದ ಒದ್ದು ನೂಕುವ ಜಾರುಗಾಡಿ: ಹಿಂದೆ ನಿಲ್ಲಲು ಎರಡು ಉಕ್ಕಿನ ಪಟ್ಟಿ, ಮುಂದೆ ಸುಸ್ತಾದವರು ಕೂರಲು ಕುರ್ಚಿ. ಕುರ್ಚಿಯ ಮೇಲೆ ಕುರಿಯ ತುಪ್ಪಟದ ಹಾಸು.

ಗಿರಿಜಾ ಆ ಕುರ್ಚಿಯನ್ನು ಮುಟ್ಟಿ ನೋಡಿದಳು. "ಕೋಸಿನ ಮೂಟೆಗಿಂತ ಮೆತ್ತಗದೆ" ಎಂದು ನನ್ನ ಕಡೆ ತಿರುಗಿ ಹೇಳಿ, ಎಲ್ಲೋ ಹೊರಟುಹೋದಳು.

ಮೊದಲ ಸುತ್ತು ಹಕ್ಕಿಯ ಹಾಗೆ ಹೋಯಿತು. ಹಿಮದ ಮೇಲೆ ಮೊಳೆ ಬೂಟಿನ ಕರಕರ ಸದ್ದಿಗೆ ನಾನೇ ಒಳಗೊಳಗೇ "ಎಡ, ಬಲ" ಹೇಳಿಕೊಂಡೆ. ಇಬ್ಬರನ್ನು ಹಿಂದೆ ಹಾಕಿದೆ. ಎರಡನೆಯ ಸುತ್ತಿನಲ್ಲಿ ನೀಲಿ ಬೆಳಕು ಇಂಗಿಹೋಯಿತು. ಹದಿನೈದನೆಯ ಕಿಲೋಮೀಟರಿಗೆ ನಾನು ಹಿಂದೆ ಹಾಕಿದ ಇಬ್ಬರೂ ಮುಂದೆ ಹೋದರು. ಕತ್ತಲೆ ಮೈಗೆ ಒಂದೇ ಮಾತು ಹೇಳುತ್ತಿತ್ತು: ರಾತ್ರಿಯಾಯಿತು, ಮಲಗು. ಹದಿನೆಂಟಕ್ಕೆ ಬೆನ್ನ ಹಿಂದೆ ಸರ್ರ್, ಸರ್ರ್ ಎಂದು ಜಾರುವ ಸದ್ದು ಕೇಳಿಸಿತು. ತಿರುಗಿ ನೋಡಬೇಕಿರಲಿಲ್ಲ. ಕೊನೆಯವನು ನಾನೇ.

ಕೆರೆ ಬಿಟ್ಟು ತಿರುಗುವಲ್ಲಿ ಬಲಗಾಲಿನ ಮೀನಖಂಡ ಹಿಡಿಯಿತು. ನಾಲ್ಕು ಹೆಜ್ಜೆಗೆ ಎಡಗಾಲಿನದೂ. ನಿಂತೆ. ವೈಕ್ಕೋ ಪಕ್ಕಕ್ಕೆ ಬಂದು ನಿಂತರು. ಕೈಯಿಂದ ತುಪ್ಪಟದ ಹಾಸನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಅಷ್ಟು ಮೃದುವಾಗಿ ನನ್ನನ್ನು ಯಾರೂ ಯಾವುದಕ್ಕೂ ಕರೆದದ್ದಿಲ್ಲ. ಒಂದು ಕಿಲೋಮೀಟರ್. ಚಾಮರಾಜಪುರದ ನಮ್ಮ ಮನೆಯ ಅಟ್ಟ ಕಣ್ಣಿಗೆ ಬಂತು. ಹಳೆಯ ಹಂಡೆಯ ಪಕ್ಕದಲ್ಲಿ ನನ್ನ ಬೂಟು. ಕುಂಟುತ್ತ ಇನ್ನೊಂದಷ್ಟು ಹೆಜ್ಜೆ ಹಾಕಿದೆ, ಬೀದಿಯ ತಿರುವಿನಲ್ಲಿ ಕುಳಿತುಬಿಡೋಣ ಎಂದುಕೊಂಡು.

ತಿರುವು ದಾಟಿದೆ. ಮೊದಲ ಮನೆಯ ಕಿಟಕಿ ಫಕ್ಕನೆ ಬೆಳಗಿತು. ದೀಪದ ಹಲಗೆಯನ್ನು ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಅದರಾಚೆಯ ಮನೆ ಬೆಳಗಿತು. ಅದರಾಚೆಯದು. ಒಂದರ ಹಿಂದೆ ಒಂದು ಹನ್ನೊಂದು ಮನೆ. ಹಿಮವೆಲ್ಲ ನಮ್ಮೂರ ಏಪ್ರಿಲ್ ಮಧ್ಯಾಹ್ನದ ರಸ್ತೆಯ ಹಾಗೆ ಹೊಳೆಯಿತು. ಕಿಟಕಿಗಳಲ್ಲಿ ಮುಖಗಳು. ನಾಯಿಯ ಮನೆಯಲ್ಲಿ ನಾಯಿಯೂ. ಲೀನಾ ಕುಂಟುತ್ತಲೇ ಮೆಟ್ಟಿಲಿಗೆ ಬಂದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಐನೋ ಅವರ ಮನೆಯ ಮುಂದೆ ಗಿರಿಜಾ, ಮಂಗನಟೋಪಿ ಹಾಕಿಕೊಂಡು, ಕಿಟಕಿಯಿಂದ ಉದ್ದದ ವೈರು ಎಳೆಸಿ, ಆ ದೊಡ್ಡ ದೀಪವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು.

"ರೀ! ಬೆಳಗಾಯ್ತು! ಏಳ್ರೀ!"

ಹಿಡಿದುಕೊಂಡಿದ್ದ ಕಾಲನ್ನು ದೀಪ ಬಿಡಿಸಿತು ಎಂದರೆ ಸುಳ್ಳಾಗುತ್ತದೆ. ಎರಡೂ ಹಿಡಿದೇ ಇದ್ದವು. ಆದರೆ ಹನ್ನೊಂದು ಮನೆಯವರು ನಿಮಗಾಗಿ ಬೆಳಗು ಮಾಡಿ ಕಿಟಕಿಯಲ್ಲಿ ನಿಂತಿರುವಾಗ ಕುರ್ಚಿಯಲ್ಲಿ ಕೂರಲು ಸಾಧ್ಯವೇ? ಬಾತುಕೋಳಿಯ ಹಾಗೆ ಎರಡು ಕಡೆ ವಾಲುತ್ತ ಓಡಿದೆ. ಹಿಂದಿನಿಂದ ವೈಕ್ಕೋ, ಯಾವತ್ತೂ ಬಾಯಿ ಬಿಡದ ಮನುಷ್ಯ, ಐನೋ ಅವರಿಂದ ಕಲಿತ ಕನ್ನಡದಲ್ಲಿ ಕೂಗಿದರು: "ಬನ್ನಿ ಬನ್ನಿ! ನೋಡಿ! ತಗೊಳ್ಳಿ!" ಚಾಮುಂಡಿ ಬೆಟ್ಟದ ಸೌತೆಕಾಯಿ ಅಂಗಡಿಯ ಮುಂದೆ ಓಡುತ್ತಿದ್ದೇನೆ ಎನಿಸಿ ನಗು ತಡೆಯಲಾಗಲಿಲ್ಲ. ಓಡುತ್ತ ನಕ್ಕರೆ ಉಸಿರು ಹೋಗುತ್ತದೆ ಎಂದು ಹುಡುಗರಿಗೆ ಎಷ್ಟು ಸಲ ಬೈದಿದ್ದೆನೋ. ನಗುತ್ತಲೇ ಗೆರೆ ದಾಟಿದೆ, ನಲವತ್ತರಲ್ಲಿ ನಲವತ್ತನೆಯವನಾಗಿ, ನನ್ನ ಕಾಲ ಮೇಲೆ. ಖಾಲಿ ಕುರ್ಚಿ ನನ್ನ ಹಿಂದೆ ಬಂತು.

ಕ್ಲಬ್ಬಿನ ಕೋಣೆಯಲ್ಲಿ ಬೆಂಚಿನ ಮೇಲೆ ಕುಸಿದು ಕುಳಿತೆ. ಗಿರಿಜಾ ಬಂದು ಎದುರು ನಿಂತಳು.

"ಬೂಟು ಬಿಚ್ಚಿ."

ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡೆ. "ನಾನೇ ಬಂದೆನಲ್ಲೇ! ಕೂತಿಲ್ಲ, ಬೇಕಾದರೆ ವೈಕ್ಕೋನ ಕೇಳು!"

"ಗೊತ್ತು, ಕೊಡಿ ಇಲ್ಲಿ. ಒಲೆ ಹತ್ರ ಇಡ್ತೀನಿ. ನಾಳೆ ಬೆಳಗ್ಗೆ ಒದ್ದೆ ಬೂಟಲ್ಲಿ ಓಡಿ ಶೀತ ಮಾಡ್ಕೊಂಡ್ರೆ ಕಷಾಯ ಕಾಯಿಸೋಳು ನಾನು ತಾನೇ."

ಮತ್ತೆ ಚಾಮರಾಜಪುರಂ

ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ ಬಂದಿದೆ. ಬಂದ ಮಾರನೆಯ ದಿನವೇ ನಾಲ್ಕೂವರೆಗೆ ಎದ್ದು, ಸ್ನಾನ ಪೂಜೆ ಮುಗಿಸಿ, ಬೂಟಿನ ಲಾಡಿ ಕಟ್ಟಲು ಹಜಾರದ ಟ್ಯೂಬ್‌ಲೈಟ್ ಹಾಕಿದೆ. ಕೋಣೆಯೊಳಗಿನಿಂದ, ಕಂಬಳಿಯ ಅಡಿಯಿಂದ, ಗಿರಿಜಾಳ ದನಿ ಬಂತು.

"ಹೋಗೋದೇನೋ ಹೋಗಿ. ಪರದೆ ಎಳ್ದು ಹೋಗಿ. ಎದುರು ಮನೆಯವ್ರು ಎದ್ಬುಟ್ಟಾರು."